ಅಡ್ಡ ಬಂದವನಿಗೂ ಹಕ್ಕು ಉಂಟು

“ಅವನಽ ಅಡ್ಡ ಬಂದಾನ್ರೀ, ನಾ ಏನ್ ಮಾಡ್ಲಿ?”

ಕೊಣ್ಣೂರ, ಗೋಕಾಕ, ಘಟಪ್ರಭಾ ಕಡೆ ಗಾಡಿ ಹಾಯ್ದು ನಡೆದು ಹೋಗುವವನೊಬ್ಬ ಬಿದ್ದನೆಂದರೆ ಎಲ್ಲಕ್ಕೂ ಮೊದಲು ಕೇಳಿಬರುವ ಮಾತು ಇದು. ಬಿದ್ದವನ ಬಾಯಿಗೆ ನೀರು ಬೀಳುವ ಮೊದಲೇ ತೀರ್ಪು ಬಿದ್ದಿರುತ್ತದೆ. ಡ್ರೈವರ ಹೇಳುತ್ತಾನೆ, ಸುತ್ತ ಕೂಡಿದವರು ತಲೆ ಹಾಕುತ್ತಾರೆ, ಮರುದಿನ ಊರೆಲ್ಲ ಅದನ್ನೇ ಆಡುತ್ತದೆ. ಎಷ್ಟು ಸಲ ಆಡುತ್ತದೆ ಎಂದರೆ ಕೊನೆಗೆ ಬಿದ್ದವನ ಹೆಂಡತಿಯೂ “ಹೌದ್ರೀ, ನಮ್ಮವರದಽ ತಪ್ಪು” ಎಂದು ನಂಬಿ ಕೂಡುತ್ತಾಳೆ.

ಮುಂದಿನ ಅಂಕವೂ ವಾಚಕರಿಗೆ ಹೊಸದಲ್ಲ. ದಿನ ಆದ ಮೇಲೆ ನಾಲ್ಕು ಜನ ಹಿರಿಯರು ಕಟ್ಟೆಯ ಮೇಲೆ ಕೂಡುತ್ತಾರೆ. “ಹೋದಾಂವ ತಿರುಗಿ ಬರೂದಿಲ್ಲವಾ ತಂಗಿ. ಕೋರ್ಟು ಕಚೇರಿ ಅಂತ ಎಲ್ಲಿ ಅಡ್ಡಾಡ್ತಿ? ತಪ್ಪು ಬ್ಯಾರೆ ನಿಮ್ಮವಂದಽ ಐತಿ. ಕೇಸು ಮಾಡಿದರೂ ಒಂದು ಪೈಸೆ ಹುಟ್ಟೂದಿಲ್ಲ. ಮಾಲಕರು ಒಳ್ಳೆಯವರದಾರ, ಕೈ ಎತ್ತಿ ಕೊಟ್ಟಷ್ಟು ತಗೊ” ಎನ್ನುತ್ತಾರೆ. ಕಾಗದ ಬರುತ್ತದೆ, ಹೆಬ್ಬೆಟ್ಟು ಬೀಳುತ್ತದೆ. ಬಂದ ರೊಕ್ಕ ದವಾಖಾನೆ ಸಾಲಕ್ಕೂ ಮಣ್ಣಿನ ಖರ್ಚಿಗೂ ಸರಿಹೋಗುತ್ತದೆ. ಮುಂದೆ ಮಕ್ಕಳ ಶಾಲೆ ಬಿಡುತ್ತದೆ.

ಹಿರಿಯರ ಮನಸ್ಸು ಕೆಟ್ಟದ್ದೆಂದು ಯಾರೂ ಹೇಳುವದಿಲ್ಲ. ಆದರೆ ಅವರು ಹೇಳಿದ ಕಾಯದೆ ಮಾತ್ರ ತಪ್ಪು. ನಡೆದು ಹೋಗುವವನದು ಅರ್ಧ ತಪ್ಪಿದ್ದರೆ ಪರಿಹಾರ ಪೂರ್ತಿ ಹೋಗುವದಿಲ್ಲ. ಅವನ ತಪ್ಪಿನ ಪಾಲಿನಷ್ಟು ಮಾತ್ರ ಕಡಿಮೆ ಆಗುತ್ತದೆ. ಈ ಒಂದು ಮಾತು ತಿಳಿಯದೆ ನಮ್ಮ ಸೀಮೆಯ ಎಷ್ಟೋ ಮನೆಗಳು ಮುಳುಗುತ್ತಿವೆ. ಅದಕ್ಕೇ ಇಂದಿನ ಈ ಬರಹ.

ನಡೆಯುವ ಜನರ ಊರು

ಕೊಣ್ಣೂರ ಮೊದಲಿನಿಂದಲೂ ಕಾಲ್ನಡಿಗೆಯ ಊರು. 19ನೇ ಶತಮಾನದ ಕೊನೆಗೆ ಗೋಕಾಕ ಫಾಲ್ಸಿನಲ್ಲಿ ಮಿಲ್ಲು ಎದ್ದಾಗಿನಿಂದ ಬುತ್ತಿಗಂಟು ಹಿಡಿದು ಪಾಳಿಗೆ ನಡೆದು ಹೋದ ಜನ ನಮ್ಮವರು. ಇಂದಿಗೂ ಶಾಲೆಯ ಹುಡುಗರು, ಸಂತೆಯ ಹೆಂಗಸರು, ಹೊಲಕ್ಕೆ ಹೋಗುವ ಆಳುಗಳು ರಸ್ತೆಯ ಅಂಚು ಹಿಡಿದೇ ಹೋಗಬೇಕು. ಆ ಅಂಚಾದರೂ ಎಲ್ಲಿದೆ? ಡಾಂಬರು ಮುಗಿದಲ್ಲಿ ಗಟಾರ, ಗಟಾರದ ಆಚೆ ಅಂಗಡಿ, ಅಂಗಡಿಯ ಮುಂದೆ ನಿಲ್ಲಿಸಿದ ಮೋಟಾರ್ ಸೈಕಲ್ಲು. ನಡೆಯುವವನು ನಡುರಸ್ತೆಗೆ ಬರದೆ ಹಾರಿ ಹೋಗಬೇಕೇನು?

ಕಬ್ಬಿನ ಹಂಗಾಮಿನಲ್ಲಂತೂ ಹೇಳುವದೇ ಬೇಡ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಕೆಂಪು ದೀಪವಿಲ್ಲದೆ, ಮುಂದೆ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಹರಿಯುತ್ತವೆ. ಅದರ ಎದುರು ಒಬ್ಬ ಮುದುಕ ಕೈಕೋಲು ಊರಿ ರಸ್ತೆ ದಾಟುತ್ತಾನೆ. ಏನಾದರೂ ಆದರೆ “ಮುದುಕ ಅಡ್ಡ ಬಂದ.” ಟ್ರ್ಯಾಕ್ಟರು ಮುದುಕನಿಗೆ ಅಡ್ಡ ಬಂತೆಂದು ಹೇಳಿದವರನ್ನು ಈ ಬರಹಗಾರ ಇನ್ನೂ ಕಂಡಿಲ್ಲ.

ಇದು ನಮ್ಮೊಂದೇ ಊರಿನ ದುಃಖವಲ್ಲ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಅಂದರೆ ಸತ್ತ ಐದು ಜನರಲ್ಲಿ ಹೆಚ್ಚುಕಡಿಮೆ ಒಬ್ಬನ ಕೈಯಲ್ಲಿ ಸ್ಟೇರಿಂಗೂ ಇರಲಿಲ್ಲ, ಹ್ಯಾಂಡಲ್ಲೂ ಇರಲಿಲ್ಲ. ನಡೆಯುವವರಿಗೆ ಯೋಗ್ಯವಾದ ಪಾದಚಾರಿ ಮಾರ್ಗ ಬೇಕು, ಅದು ಸಂವಿಧಾನದ 21ನೇ ಕಲಮಿನ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ನಡೆಯಲು ಜಾಗ ಕೊಡದವರೇ “ರಸ್ತೆಯೊಳಗ ಯಾಕ ನಡೆದಿ?” ಎಂದು ಕೇಳುವದು ಯಾವ ನ್ಯಾಯ?

ಕತ್ತೆ ಗೆದ್ದ ಖಟ್ಲೆ

ಹಿರಿಯರು ಹೇಳುವ ನ್ಯಾಯ ಒಂದು ಕಾಲಕ್ಕೆ ನಿಜವಾಗಿಯೂ ಇತ್ತು. ಆದರೆ ಅದು ಇಲ್ಲಿಯದಲ್ಲ, ಇಂಗ್ಲಂಡಿನದು. 1809ರಲ್ಲಿ ಅಲ್ಲಿ ಒಬ್ಬ ರಸ್ತೆಗೆ ಅಡ್ಡ ಕಂಬ ಇಟ್ಟಿದ್ದ. ಇನ್ನೊಬ್ಬ ಕುದುರೆಯನ್ನು ಜೋರಾಗಿ ಓಡಿಸುತ್ತ ಬಂದು ಅದಕ್ಕೆ ಬಡಿದು ಬಿದ್ದ. ಕಂಬ ಇಟ್ಟದ್ದು ತಪ್ಪು, ಆದರೆ ನೀನೂ ನೋಡಿ ಬರಲಿಲ್ಲ, ಆದ್ದರಿಂದ ನಿನಗೆ ಏನೂ ಇಲ್ಲ ಎಂದಿತು ಕೋರ್ಟು. ಬಿದ್ದವನದು ಒಂದಾಣೆ ತಪ್ಪಿದ್ದರೂ ಹದಿನಾರಾಣೆ ಪರಿಹಾರ ಹೋಗುವ ಕಾಲ ಅದು.

1842ರಲ್ಲಿ ಕತ್ತೆಯ ಖಟ್ಲೆ ಬಂತು. ಒಬ್ಬ ತನ್ನ ಕತ್ತೆಯ ಮುಂಗಾಲು ಕಟ್ಟಿ ರಸ್ತೆಯಲ್ಲೇ ಮೇಯಲು ಬಿಟ್ಟಿದ್ದ. ಇನ್ನೊಬ್ಬನ ಕುದುರೆಗಾಡಿ ಇಳಿಜಾರಿನಲ್ಲಿ ಬಿರುಸಿನಿಂದ ಬಂದು ಕತ್ತೆಯ ಮೇಲೆ ಹಾಯ್ದಿತು. ಕಾಲು ಕಟ್ಟಿ ರಸ್ತೆಗೆ ಬಿಟ್ಟದ್ದು ತಪ್ಪೇ ಇರಲಿ, ಆದರೆ ಗಾಡಿಯವನು ನಿಧಾನ ಬಂದಿದ್ದರೆ ತಪ್ಪಿಸಬಹುದಿತ್ತಲ್ಲ, ತಪ್ಪಿಸುವ ಕೊನೆಯ ಅವಕಾಶ ಅವನ ಕೈಯಲ್ಲಿತ್ತಲ್ಲ ಎಂದು ಕೋರ್ಟು ಕತ್ತೆಯ ಮಾಲಕನಿಗೇ ಪರಿಹಾರ ಕೊಡಿಸಿತು. ಕೊನೆಗೆ 1945ರಲ್ಲಿ ಅಲ್ಲಿ ಕಾಯದೆಯನ್ನೇ ಮಾಡಿದರು. ಇಬ್ಬರದೂ ತಪ್ಪಿದ್ದರೆ ಪಾಲು ಹಚ್ಚಿರಿ, ಪಾಲಿನಷ್ಟು ಕಡಿಮೆ ಮಾಡಿರಿ, ಪೂರ್ತಿ ಇಲ್ಲವೆನ್ನಬೇಡಿರಿ ಎಂಬುದೇ ಅದರ ಸಾರ.

ನಮ್ಮ ಕೋರ್ಟುಗಳೂ ಇದೇ ಹಾದಿ ಹಿಡಿದು ಬಹಳ ವರ್ಷಗಳಾದವು. ಇದಕ್ಕೆ ವಕೀಲರು ‘ಸಹ ನಿರ್ಲಕ್ಷ್ಯ’ ಎನ್ನುತ್ತಾರೆ. ಅಂದರೆ ಇಂಗ್ಲಂಡಿನವರು ಬಿಟ್ಟ ನ್ಯಾಯವನ್ನು ನಮ್ಮ ಊರ ಕಟ್ಟೆ ಇನ್ನೂ ಹಿಡಿದುಕೊಂಡು ಕೂತಿದೆ. ಅಲ್ಲಿ 1842ರಲ್ಲಿ ಕತ್ತೆಗೆ ಸಿಕ್ಕ ನ್ಯಾಯ ಇಲ್ಲಿ ಇಂದು ಕೂಲಿಕಾರನಿಗೆ ಸಿಗಬಾರದೇನು?

ಮೂರು ಬಾಗಿಲುಗಳು

ನಮ್ಮ ದೇಶದ ಮೋಟಾರು ವಾಹನ ಕಾಯದೆ 1988ರದು. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಪರಿಹಾರದ ಹೊಸ ಕಲಮುಗಳು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಬಿದ್ದವನ ಮನೆಯವರಿಗೆ ಅದರಲ್ಲಿ ಮೂರು ಬಾಗಿಲುಗಳಿವೆ.

ಮೊದಲನೆಯದು 166ನೇ ಕಲಮು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬೇಕು. ಇಲ್ಲಿ ಡ್ರೈವರನ ತಪ್ಪು ತೋರಿಸಬೇಕು. ವಯಸ್ಸು, ಗಳಿಕೆ, ಅವನನ್ನು ನಂಬಿದವರು ಎಷ್ಟು ಜನ, ಇದೆಲ್ಲ ನೋಡಿ ಪೂರ್ತಿ ಪರಿಹಾರ ಲೆಕ್ಕ ಹಾಕುತ್ತಾರೆ. ನಡೆಯುವವನದೂ ತಪ್ಪಿದ್ದರೆ ಪಾಲು ಕಳೆಯುವದು ಇಲ್ಲಿಯೇ.

ಎರಡನೆಯದು 164ನೇ ಕಲಮು. ಇಲ್ಲಿ ಡ್ರೈವರನ ತಪ್ಪು ಸಾಬೀತು ಮಾಡುವ ಪ್ರಸಂಗವೇ ಇಲ್ಲ. ಸತ್ತರೆ 5 ಲಕ್ಷ, ಭಾರೀ ಗಾಯವಾದರೆ 2.5 ಲಕ್ಷ ರೂಪಾಯಿ. “ಎಲ್ಲ ತಪ್ಪೂ ನಮ್ಮವಂದಽ” ಎಂದು ಎದೆಗುಂದಿ ಕೂತವರು ಈ ಕಲಮನ್ನು ನೆನಪಿಡಬೇಕು. ಆದರೆ ಇದನ್ನು ಒಪ್ಪಿ ರೊಕ್ಕ ತೆಗೆದುಕೊಂಡರೆ 166ರ ಹಾದಿ ಮುಚ್ಚುತ್ತದೆ. ಯಾವದು ಲಾಭವೆಂದು ವಕೀಲರನ್ನು ಕೇಳಿಯೇ ಹೆಜ್ಜೆ ಇಡಬೇಕು.

ಮೂರನೆಯದು ಗಾಡಿ ಹಾಯಿಸಿ ಓಡಿಹೋದವನ ಗುರುತೇ ಸಿಗದಾಗಿನದು, 161ನೇ ಕಲಮು. ಸತ್ತರೆ 2 ಲಕ್ಷ, ಭಾರೀ ಗಾಯಕ್ಕೆ 50 ಸಾವಿರ. ಇದಕ್ಕೆ ಕೋರ್ಟಿಗೆ ಹೋಗಬೇಕಾಗಿಲ್ಲ, ಕಂದಾಯ ಇಲಾಖೆಯ ಅಧಿಕಾರಿಗೆ ಅರ್ಜಿ ಕೊಡುವದು. ಗಾಡಿ ಸಿಗಲಿಲ್ಲವೆಂದು ಎಲ್ಲ ಮುಗಿಯಿತೆಂದು ತಿಳಿಯಬಾರದು.

ಲೆಕ್ಕ ಹಾಕಿ ನೋಡೋಣ

ಬರೇ ಮಾತು ಬೇಡ, ಒಂದು ಲೆಕ್ಕ ಹಿಡಿಯೋಣ. 38 ವಯಸ್ಸಿನ ಒಬ್ಬ ಕೂಲಿಕಾರ. ತಿಂಗಳಿಗೆ 12 ಸಾವಿರ ಗಳಿಸುತ್ತಾನೆ. ಹೆಂಡತಿ, ಎರಡು ಮಕ್ಕಳು, ಮುದಿ ತಾಯಿ ಅವನನ್ನೇ ನಂಬಿದ್ದಾರೆ. ಗಾಡಿ ಹಾಯ್ದು ಸತ್ತ.

ಸುಪ್ರೀಂ ಕೋರ್ಟು ಸರಳಾ ವರ್ಮಾ ಖಟ್ಲೆಯಲ್ಲಿ 2009ರಲ್ಲಿ, ಪ್ರಣಯ ಸೇಠಿ ಖಟ್ಲೆಯಲ್ಲಿ 2017ರಲ್ಲಿ ಲೆಕ್ಕದ ಸೂತ್ರ ಹಾಕಿಕೊಟ್ಟಿದೆ. ಅದರಂತೆ ಮುಂದಿನ ಗಳಿಕೆಗೆಂದು ನೂರಕ್ಕೆ 40 ಸೇರಿಸಿದರೆ 12 ಸಾವಿರ 16,800 ಆಗುತ್ತದೆ. ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಪಾಲು ಕಳೆದರೆ 12,600. ವರ್ಷಕ್ಕೆ 1,51,200. ಆ ವಯಸ್ಸಿಗೆ 15ರಿಂದ ಗುಣಿಸಿದರೆ 22,68,000 ರೂಪಾಯಿ. ಮಣ್ಣಿನ ಖರ್ಚು ಮೊದಲಾದವು ಬೇರೆ.

ಈಗ ಕೋರ್ಟು ಸತ್ತವನದು ಕಾಲುಭಾಗ ತಪ್ಪು ಎಂದಿತೆನ್ನಿ. 5,67,000 ಹೋಗಿ 17,01,000 ಉಳಿಯುತ್ತದೆ. ಸರಿ, ಅರ್ಧಕ್ಕರ್ಧ ತಪ್ಪು ಅವನದೇ ಎಂದಿತೆನ್ನಿ. ಆಗಲೂ 11,34,000 ರೂಪಾಯಿ. ಅರ್ಧ ತಪ್ಪು ಮಾಡಿದವನ ಹೆಂಡತಿ ಮಕ್ಕಳಿಗೆ ಕಾಯದೆ ಹನ್ನೊಂದು ಲಕ್ಷ ಕೊಡಿಸುವಾಗ ಕಟ್ಟೆಯ ನ್ಯಾಯ 50 ಸಾವಿರಕ್ಕೆ ಹೆಬ್ಬೆಟ್ಟು ಒತ್ತಿಸುತ್ತದೆ. ಉಳಿದ ಹತ್ತೂವರೆ ಲಕ್ಷದ ಮೇಲಿನ ರೊಕ್ಕ ಯಾರ ಮನೆಯಲ್ಲಿ ಉಳಿಯಿತು? ವಾಚಕರೇ ವಿಚಾರ ಮಾಡಬೇಕು.

“ತಪ್ಪು ಮಾಡಿದವಗ ರೊಕ್ಕ ಯಾಕ?”

ಈ ಪ್ರಶ್ನೆಯನ್ನು ಓದಿದವರೂ ಕೇಳುತ್ತಾರೆ. ಗಾಡಿ ಇಟ್ಟವರಂತೂ ಸಿಟ್ಟಿನಿಂದಲೇ ಕೇಳುತ್ತಾರೆ. ಅವರ ಮಾತಿನಲ್ಲೂ ನಿಜವಿದೆ. ಕುಡಿದು ರಸ್ತೆಯಲ್ಲೇ ಮಲಗಿದವನಿದ್ದಾನೆ. ಕಿವಿಗೆ ಮೊಬೈಲು ಹಚ್ಚಿಕೊಂಡು, ಆಚೀಚೆ ನೋಡದೆ ದಾಟುವವನಿದ್ದಾನೆ. ನಿಂತ ಬಸ್ಸಿನ ಹಿಂದಿನಿಂದ ಒಮ್ಮೆಲೇ ಜಿಗಿಯುವವನಿದ್ದಾನೆ. ಅವರನ್ನು ಪೂಜೆ ಮಾಡಿರೆಂದು ಇಲ್ಲಿ ಬರೆಯುತ್ತಿಲ್ಲ. ಡ್ರೈವರನದು ಎಳ್ಳಷ್ಟೂ ತಪ್ಪಿಲ್ಲವೆಂದು ಸಾಕ್ಷಿಯಿಂದ ಗೊತ್ತಾದರೆ 166ರಲ್ಲಿ ಪರಿಹಾರ ಇಲ್ಲ. ಅದು ಸರಿಯೇ.

ಆದರೆ ಎರಡು ತಪ್ಪುಗಳು ಒಂದೇ ತೂಕದವಲ್ಲ. ನಡೆಯುವವನು ತಪ್ಪು ಮಾಡಿದರೆ ಸಾಯುವವನು ಅವನೇ. ಗಾಡಿಯವನು ತಪ್ಪು ಮಾಡಿದರೂ ಸಾಯುವವನು ನಡೆಯುವವನೇ. ಒಬ್ಬನ ಕೈಯಲ್ಲಿ ಹಲವು ಟನ್ನಿನ ಕಬ್ಬಿಣ, ಇನ್ನೊಬ್ಬನ ಕೈಯಲ್ಲಿ ಬುತ್ತಿಗಂಟು. ಅದಕ್ಕೇ ಡ್ರೈವರನ ಮೇಲೆ ಹೆಚ್ಚಿನ ಜವಾಬುದಾರಿ. ನಡೆಯುವವರು, ಸೈಕಲ್ಲಿನವರು, ಮಕ್ಕಳು, ಮುದುಕರು, ಅಂಗವಿಕಲರು ಇವರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕೆಂದು 2017ರ ವಾಹನ ಚಾಲನೆ ನಿಯಮಗಳು ಹೇಳುತ್ತವೆ. ಊರು ಬಂತು, ಶಾಲೆ ಬಂತು, ಸಂತೆ ಬಂತು ಎಂದರೆ ಯಾರಾದರೂ ಅಡ್ಡ ಬರಬಹುದೆಂದು ತಿಳಿದೇ ಬ್ರೇಕಿನ ಮೇಲೆ ಕಾಲಿಡಬೇಕು. “ಒಮ್ಮೆಲೇ ಬಂದ” ಎಂಬುದಕ್ಕಿಂತ “ನಾ ಜೋರ ಇದ್ದೆ” ಎಂಬುದು ಎಷ್ಟೋ ಸಲ ಹೆಚ್ಚು ನಿಜ.

ಇನ್ನೊಂದು ಮಾತು. ರೊಕ್ಕ ಬರುವದು ಸಾಮಾನ್ಯವಾಗಿ ಮಾಲಕನ ಕಿಸೆಯಿಂದ ಅಲ್ಲ, ವಿಮೆ ಕಂಪನಿಯಿಂದ. ರಸ್ತೆಗೆ ಇಳಿಯುವ ಗಾಡಿಗೆ ಮೂರನೆಯವರ ವಿಮೆ ಇರಲೇಬೇಕೆಂಬುದು ಇಂಥ ದಿನಕ್ಕಾಗಿಯೇ. ವಿಮೆ ಇದ್ದೂ ಮಾಲಕ ಕಟ್ಟೆಯ ಮೇಲೆ ಕೂತು ಚೌಕಾಸಿ ಮಾಡಿದರೆ ಲಾಭ ಯಾರಿಗೆ? ಬಿದ್ದವನಿಗೂ ಇಲ್ಲ, ಮಾಲಕನಿಗೂ ಇಲ್ಲ. ಕಂಪನಿಗೆ ಮಾತ್ರ. ವಿಮೆ ಇಲ್ಲದೆ ಟ್ರ್ಯಾಕ್ಟರು ಓಡಿಸುವವರೇ ರಾಜಿಗೆ ಹೆಚ್ಚು ಅವಸರ ಮಾಡುವದು. ಆ ಅವಸರ ಕಂಡಲ್ಲಿ ಮೊದಲು ವಿಮೆಯ ಕಾಗದ ಕೇಳಬೇಕು.

ತಪ್ಪು ತೋರಿಸಬೇಕಾದವರು ಯಾರು?

“ಅಡ್ಡ ಬಂದ” ಎಂದು ಡ್ರೈವರ ಹೇಳಿದ ಮಾತ್ರಕ್ಕೆ ಅದು ಸಾಬೀತಲ್ಲ. ನಡೆಯುವವನದೂ ತಪ್ಪಿತ್ತೆಂದು ಯಾರು ವಾದ ಹೂಡುತ್ತಾರೋ ಅವರೇ ಸಾಕ್ಷಿ ಕೊಟ್ಟು ತೋರಿಸಬೇಕು. ಪರಿಹಾರದ ಖಟ್ಲೆಯಲ್ಲಿ ಕೊಲೆ ಖಟ್ಲೆಯಷ್ಟು ಕಟ್ಟುನಿಟ್ಟಿನ ಸಾಕ್ಷಿಯೂ ಬೇಕಿಲ್ಲ, ಯಾವದು ಹೆಚ್ಚು ಸಂಭವ ಎಂದು ತೂಗಿ ನೋಡಿದರೆ ಸಾಕು. ಅಲ್ಲೊಂದು ಇಲ್ಲೊಂದು ಸಂಶಯ ಇದೆಯೆಂದು ಡ್ರೈವರ, ಮಾಲಕರು ಪಾರಾಗಬಾರದು ಎಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1980ರಲ್ಲೇ ಎಚ್ಚರಿಸಿದ್ದರು. ಇನ್ನು ತಿಳಿವಳಿಕೆ ಬಾರದ ಸಣ್ಣ ಮಕ್ಕಳ ಮೇಲೆ ತಪ್ಪು ಹೊರಿಸಲು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವದೇ ಇಲ್ಲ.

ಆದರೆ ಖಟ್ಲೆ ನಿಲ್ಲುವದು ಕಾಗದದ ಮೇಲೆ. ಸ್ಥಳದ ಪಂಚನಾಮೆಯಲ್ಲಿ ರಸ್ತೆಯ ಅಗಲ ಎಷ್ಟು, ಬ್ರೇಕಿನ ಗುರುತು ಎಷ್ಟು ಉದ್ದ, ಬಿದ್ದವನು ಅಂಚಿನಲ್ಲಿದ್ದನೋ ನಡುವಿನಲ್ಲಿದ್ದನೋ, ದೀಪ ಇತ್ತೋ ಇಲ್ಲವೋ, ಇದೆಲ್ಲ ಬರಬೇಕು. ಪೊಲೀಸ ಸಾಹೇಬರು ಡ್ರೈವರ ಹೇಳಿದ್ದನ್ನೇ ಬರೆದುಕೊಂಡು ಹೋದರೆ ಬಿದ್ದವನ ಪರವಾಗಿ ಮಾತಾಡುವವರಾರು? ಅವನು ದವಾಖಾನೆಯಲ್ಲೋ ಸುಡುಗಾಡಿನಲ್ಲೋ ಇರುತ್ತಾನೆ. ಅಪಘಾತದ ಮೊದಲ ವರದಿಯನ್ನು 48 ತಾಸಿನೊಳಗೆ, ಪೂರ್ತಿ ವರದಿಯನ್ನು 90 ದಿವಸದೊಳಗೆ ಪೊಲೀಸರು ನ್ಯಾಯಮಂಡಳಿಗೆ ಕೊಡಬೇಕೆಂದು 2022ರ ನಿಯಮಗಳಿವೆ. ನಮ್ಮ ಠಾಣೆಗಳಲ್ಲಿ ಇದು ನಡೆಯುತ್ತಿದೆಯೇ ಎಂದು ಮೇಲಿನವರು ಆಗಾಗ ಕಡತ ತೆಗೆಸಿ ನೋಡಲಿ.

ಮರೆಯಬಾರದ ಮಾತುಗಳು

ಬಿದ್ದವನನ್ನು ಮೊದಲು ದವಾಖಾನೆಗೆ ಒಯ್ಯಿರಿ. ಒಯ್ದವರನ್ನು ಪೊಲೀಸರು ಕಾಡಬಾರದೆಂದು ಕಾಯದೆಯೇ ಇದೆ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಂತೆ, ಅದಕ್ಕೆ ಸೇರಿದ ದವಾಖಾನೆಗಳಲ್ಲಿ ಏಳು ದಿವಸದ ತನಕ, ಒಂದೂವರೆ ಲಕ್ಷ ರೂಪಾಯಿವರೆಗೆ ರೊಕ್ಕ ಕಟ್ಟದೆ ಉಪಚಾರ ಸಿಗಬೇಕು. “ಗಾಡಿ ಹಾಯ್ದದ್ದು” ಎಂದು ಡಾಕ್ಟರ ಕಡೆಯಿಂದ ದಾಖಲೆಯಲ್ಲಿ ಬರೆಸಿರಿ. “ಬಿದ್ದು ಪೆಟ್ಟಾಗಿದೆ” ಎಂದಷ್ಟೇ ಬರೆಸಿದರೆ ಮುಂದೆ ಅದೇ ಮುಳ್ಳಾಗುತ್ತದೆ. ಫಿರ್ಯಾದಿ ತಡ ಮಾಡಬೇಡಿರಿ, ಅದರ ನಕಲು ಇಟ್ಟುಕೊಳ್ಳಿರಿ. ನೋಡಿದವರ ಹೆಸರು ಬರೆದಿಟ್ಟುಕೊಳ್ಳಿರಿ.

ಅವಧಿಯ ಮಾತು ಎಲ್ಲಕ್ಕಿಂತ ಮುಖ್ಯ. 2022ರ ಏಪ್ರಿಲ್‌ದಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಕಾಯದೆ ಆಗಿದೆ. ಕಾಲು ಮುರಿದು ಮಲಗಿದವನು ಎದ್ದು ನಿಲ್ಲಲಿಕ್ಕೇ ಆರು ತಿಂಗಳು ಬೇಕು. ದಿಲ್ಲಿಯಲ್ಲಿ ಕೂತು ಇಂಥ ಕಲಮು ಬರೆದವರಿಗೆ ಏನನ್ನಬೇಕೋ ತಿಳಿಯದು. ಇದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕಬೇಡಿರೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಅದು ಮಧ್ಯಂತರದ ಮಾತು. ಅದನ್ನು ನಂಬಿ ಕೂಡದೆ ಆರು ತಿಂಗಳೊಳಗೇ ಹಾಕುವದು ಜಾಣತನ.

ಅರ್ಜಿ ಹಾಕಲು ದೂರ ಹೋಗಬೇಕೆಂಬುದಿಲ್ಲ. ಅಪಘಾತವಾದ ಕಡೆಯ ನ್ಯಾಯಮಂಡಳಿಯೂ ನಡೆಯುತ್ತದೆ, ಅರ್ಜಿದಾರ ಇರುವ ಕಡೆಯದೂ ನಡೆಯುತ್ತದೆ. ಪುಣೆಯಲ್ಲಿ ದುಡಿಯುವಾಗ ಗಾಡಿ ಹಾಯ್ದು ಸತ್ತವನ ಹೆಂಡತಿ ಪುಣೆಗೆ ಅಲೆಯಬೇಕಾಗಿಲ್ಲ. ವಕೀಲರ ಫೀ ಕೊಡಲು ಆಗದವರಿಗೆ ತಾಲೂಕಾ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಇವರಿಗೆಲ್ಲ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾಯದೆ ಹೇಳುತ್ತದೆ. ಮಿಲ್ಲಿನವರ ಮನೆತನಗಳು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. “ಬಂದದ್ದರಾಗ ಇಷ್ಟು ಪಾಲು ನಂದು” ಎಂದು ವಕೀಲರು ಕರಾರು ಮಾಡುವದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ನ್ಯಾಯಮಂಡಳಿಯ ತೀರ್ಪು ಒಪ್ಪದಿದ್ದರೆ ಒಂದು ಲಕ್ಷ ಮತ್ತು ಮೇಲಿನ ತಕರಾರಿಗೆ 90 ದಿವಸದೊಳಗೆ ಹೈಕೋರ್ಟಿಗೆ ಹೋಗಬಹುದು. ಅದೂ ಬೆಂಗಳೂರಲ್ಲ, ನಮಗೆ ಧಾರವಾಡ ಪೀಠವೇ ಇದೆ.

ಹಿರಿಯರಿಗೊಂದು ಬಿನ್ನಹ

ರಾಜಿ ಕೆಟ್ಟದ್ದಲ್ಲ. ಮಾಡುವದಿದ್ದರೆ ಲೋಕ ಅದಾಲತದಲ್ಲಿ ಮಾಡಿಸಿರಿ. ಅಲ್ಲಿ ನ್ಯಾಯಾಧೀಶರಿರುತ್ತಾರೆ, ವಿಮೆ ಕಂಪನಿಯವರಿರುತ್ತಾರೆ, ಲೆಕ್ಕ ಇರುತ್ತದೆ. ಆದರೆ ಅಲ್ಲಿ ಒಮ್ಮೆ ಒಪ್ಪಿದರೆ ಮೇಲೆ ಅಪೀಲು ಇಲ್ಲ, ಸಹಿಗೆ ಮೊದಲೇ ಮೊತ್ತ ತಿಳಿದುಕೊಳ್ಳಬೇಕು. ಕಟ್ಟೆಯ ಮೇಲಿನ ಕಾಗದಕ್ಕೆ ದುಃಖದಲ್ಲಿದ್ದ ಹೆಣ್ಣುಮಗಳ ಹೆಬ್ಬೆಟ್ಟು ಒತ್ತಿಸಬೇಡಿರಿ. ನಾಳೆ ಅದೇ ಕಾಗದ ಅವಳ ವಿರುದ್ಧ ಕೋರ್ಟಿನಲ್ಲಿ ಹಾಜರಾಗುತ್ತದೆ.

ಪುರಸಭೆಯವರು ನಡೆಯುವವರಿಗೆ ರಸ್ತೆಯ ಬದಿ ಬಿಡಿಸಿಕೊಡಲಿ, ಶಾಲೆಗಳ ಮುಂದೆ ದಾಟುವ ಪಟ್ಟೆ ಬಳಿಸಲಿ. ಸಕ್ಕರೆ ಕಾರ್ಖಾನೆಗಳು ಹಿಂದೆ ದೀಪವಿಲ್ಲದ, ವಿಮೆಯಿಲ್ಲದ ಟ್ರ್ಯಾಕ್ಟರನ್ನು ಗೇಟಿನ ಒಳಗೆ ಬಿಡದಿರಲಿ. ಪೊಲೀಸರು ಬಿದ್ದವನ ಬಾಯಿಂದಲೂ ಒಂದು ಮಾತು ಬರೆದುಕೊಳ್ಳಲಿ. ಇವೆಲ್ಲ ಆಗುವ ತನಕ ಮುಂದಿನ ಸಲ ಯಾರಾದರೂ “ಅವನಽ ಅಡ್ಡ ಬಂದ” ಎಂದರೆ ಊರವರು ತಿರುಗಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಬಂದಾನು, ಅವಂದು ಎಷ್ಟು ಪಾಲು? ನಿಂದು ಎಷ್ಟು? ನಿನ್ನ ಪಾಲಿನ ರೊಕ್ಕ ಯಾವಾಗ ಕೊಡ್ತಿ?